ಗ್ರೇಟ್ ಸರ್ಕಲ್ ಮ್ಯಾಪರ್: ದೂರದ ಲೆಕ್ಕಕ್ಕೆ ನೆಚ್ಚಬಹುದಾದ ಜಾಲತಾಣ

ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ತಿಳಿಯಲು ನಾನು ಬಳಸುವ ಗ್ರೇಟ್ ಸರ್ಕಲ್ ಮ್ಯಾಪರ್, ನೋಟಕ್ಕೆ ಹಳೆಯದೆನಿಸಿದರೂ ಲೆಕ್ಕದಲ್ಲಿ ಬಹಳ ಅಚ್ಚುಕಟ್ಟಾದ ಉಚಿತ ಸೇವೆ. ನಿಲ್ದಾಣಗಳ ಮೂರಕ್ಷರದ ಸಂಕೇತಗಳ ನಡುವೆ ಅಡ್ಡಗೆರೆ ಇಟ್ಟು ಬಿಎಲ್‌ಆರ್-ಎಸ್‌ಎಫ್‌ಒ ಎಂದು ಬರೆದರೆ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರ್ ಎಂಬ ಉತ್ತರದ ಜೊತೆಗೆ ಭೂಪಟವೂ ತೆರೆದುಕೊಳ್ಳುತ್ತದೆ. ಈ ಭೂಪಟವೇ ಸೇವೆಯ ನಿಜವಾದ ಸತ್ವ: ಅತಿ ಹತ್ತಿರದ ದಾರಿಯು ಉತ್ತರ ಧ್ರುವದ ಸಮೀಪ ಹಾಯುವುದನ್ನು ಕಂಡಾಗ, 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವಮಾರ್ಗದಲ್ಲಿ ಬಂದದ್ದೇಕೆಂಬುದು ಯಾರಿಗಾದರೂ ಮನದಟ್ಟಾಗುತ್ತದೆ.

ಪ್ರಯಾಣದ ಸಮಯಕ್ಕೆ ಮಾತ್ರ ಇದೊಂದನ್ನೇ ಆಧರಿಸಬಾರದು. ಗಂಟೆಗೆ 900 ಕಿಲೋಮೀಟರ್ ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ; ಆದರೆ ಏರಿಳಿತ, ಎದುರುಗಾಳಿ, ನಿರ್ಬಂಧಿತ ವಾಯುಪ್ರದೇಶಗಳನ್ನು ತಪ್ಪಿಸಿ ಹೋಗುವ ಸುತ್ತುದಾರಿ, ರನ್‌ವೇವರೆಗಿನ ಓಡಾಟ ಇವೆಲ್ಲ ಸೇರಿ ನಿಜವಾದ ಹಾರಾಟ ಹದಿನೇಳು ಗಂಟೆಯ ಆಸುಪಾಸಿಗೆ ತಲುಪುತ್ತದೆ. ಹಿರಿಯರನ್ನು ಒಬ್ಬರೇ ಕಳುಹಿಸುವವರು ಈ ಅಂತರವನ್ನು ಅವಶ್ಯ ಗಮನಿಸಬೇಕು. ತಲುಪುವ ಸ್ಥಳೀಯ ಸಮಯಕ್ಕಾಗಿ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಗಳ ವ್ಯತ್ಯಾಸವನ್ನು ನಾವೇ ಹೊಂದಿಸಿಕೊಳ್ಳಬೇಕು.