ಹಳೆಯ ಸ್ಪೋರ್ಟ್ಸ್ ಕಾರಿನ ಕುರುಡು ಜಾಗ: ಯಾವ ಕನ್ನಡಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಹಳೆಯ ಸ್ಪೋರ್ಟ್ಸ್ ಕಾರಿನ ಬ್ಲೈಂಡ್ ಸ್ಪಾಟ್‌ಗೆ, ಅಂದರೆ ಯಾವ ಕನ್ನಡಿಯಲ್ಲೂ ಕಾಣದ ಪಕ್ಕದ ಜಾಗಕ್ಕೆ, ಪರಿಹಾರವೆಂದು ಮಾರುವ ಸಾಮಾನು ಮುಖ್ಯವಾಗಿ ನಾಲ್ಕು ಬಗೆಯವು: ಸೈಡ್ ಮಿರರ್ ಮೇಲೆ ಅಂಟಿಸುವ ಪುಟ್ಟ ಉಬ್ಬುಗನ್ನಡಿ, ಇಡೀ ಗಾಜನ್ನೇ ಬದಲಿಸುವ ಬಾಗುಗಾಜು, ಒಳಗಿನ ಕನ್ನಡಿಗೆ ಸಿಕ್ಕಿಸುವ ಅಗಲ ಕನ್ನಡಿ, ಮತ್ತು ಪಕ್ಕದಲ್ಲಿ ವಾಹನವಿದ್ದರೆ ಎಚ್ಚರಿಸುವ ರೇಡಾರ್ ಕಿಟ್. ನಾಲ್ಕರಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಕೆಲಸ ಮಾಡುವುದು ಬಾಗುಗಾಜು ಮಾತ್ರ. ಉಳಿದವು ಕೆಲವು ಕಾರಿಗೆ ಒಗ್ಗುತ್ತವೆ, ಕೆಲವಕ್ಕೆ ಸುಮ್ಮನೆ ಭಾರ.

ಏನನ್ನೂ ಕೊಳ್ಳುವ ಮೊದಲು ಇರುವ ಕನ್ನಡಿಯನ್ನು ಸರಿಯಾಗಿ ತಿರುಗಿಸಿ ನೋಡಬೇಕು. ಬಹುಪಾಲು ಜನ ಸೈಡ್ ಮಿರರ್‌ನಲ್ಲಿ ತಮ್ಮದೇ ಕಾರಿನ ಬಾಗಿಲು ಕಾಣುವಂತೆ ಇಟ್ಟುಕೊಳ್ಳುತ್ತಾರೆ. ಇದರಿಂದ ಒಳಗನ್ನಡಿ ತೋರಿಸುವುದನ್ನೇ ಸೈಡ್ ಮಿರರ್ ಎರಡನೇ ಸಲ ತೋರಿಸುತ್ತದೆ, ಪಕ್ಕದ ಲೇನ್ ಎರಡರಲ್ಲೂ ಇರುವುದಿಲ್ಲ. ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ವಿವರಿಸಿದ ವಿಧಾನ ಹೀಗಿದೆ. ತಲೆಯನ್ನು ಚಾಲಕನ ಬದಿಯ ಕಿಟಕಿ ಗಾಜಿಗೆ ತಾಗುವಷ್ಟು ವಾಲಿಸಿ, ಕಾರಿನ ಪಕ್ಕೆ ಅಂಚಿನಲ್ಲಿ ಒಂದಿಷ್ಟೇ ಕಾಣುವಂತೆ ಆ ಬದಿಯ ಕನ್ನಡಿಯನ್ನು ಹೊರಕ್ಕೆ ತಿರುಗಿಸಿ. ಆಮೇಲೆ ತಲೆಯನ್ನು ಎರಡು ಸೀಟುಗಳ ನಡುವಿಗೆ ತಂದು ಇನ್ನೊಂದು ಬದಿಯ ಕನ್ನಡಿಗೂ ಹಾಗೆಯೇ ಮಾಡಿ. ನೆಟ್ಟಗೆ ಕೂತಾಗ ನಿಮ್ಮ ಕಾರು ಕನ್ನಡಿಯಲ್ಲಿ ಕಾಣಬಾರದು. ಕೈಯಿಂದ ತಿರುಗಿಸುವ ಹಳೆಯ ಮಿರರ್ ಆದರೆ ಆ ಬದಿಗೆ ಒಬ್ಬರು ಸಹಾಯಕ್ಕೆ ನಿಂತರೆ ಕೆಲಸ ಎರಡು ನಿಮಿಷದ್ದು. ರಸ್ತೆ ಬದಿ ನಿಲ್ಲಿಸಿ ಹಾದುಹೋಗುವ ವಾಹನ ನೋಡಿ: ಒಳಗನ್ನಡಿಯಿಂದ ಪೂರ್ತಿ ಮರೆಯಾಗುವ ಮೊದಲೇ ಅದು ಸೈಡ್ ಮಿರರ್‌ಗೆ ಬಂದಿರಬೇಕು, ಅಲ್ಲಿಂದ ಹೋಗುವ ಮೊದಲೇ ಕಣ್ಣಂಚಿಗೆ ಸಿಕ್ಕಿರಬೇಕು.

ಸಾಮಾನ್ಯ ಕಾರಿನಲ್ಲಿ ಇಷ್ಟಕ್ಕೇ ಸಮಸ್ಯೆ ಬಹುಮಟ್ಟಿಗೆ ಮುಗಿಯುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಎರಡು ಕಡೆ ತೊಡಕಾಗುತ್ತದೆ. ಒಂದು, ಸಾಫ್ಟ್ ಟಾಪ್, ಅಂದರೆ ಮಡಚುವ ಬಟ್ಟೆಯ ಛಾವಣಿ. ಮೊದಲ ತಲೆಮಾರಿನ ಮಾಜ್ಡಾ ಎಂಎಕ್ಸ್-5ರಲ್ಲಿ ಟಾಪ್ ಮುಚ್ಚಿದರೆ ಭುಜದ ಹಿಂದೆ ಬಟ್ಟೆಯ ಗೋಡೆ, ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ವರ್ಷ ಕಳೆದಂತೆ ಅದು ಮಂಜಾಗುತ್ತದೆ. ಒಳಗನ್ನಡಿಯ ನೋಟ ಕಿರಿದಾದ ಮೇಲೆ ಸೈಡ್ ಮಿರರ್‌ಗಳನ್ನು ಪೂರ್ತಿ ಹೊರಕ್ಕೆ ತಿರುಗಿಸಿದರೆ ನಡುವೆಯೇ ಹೊಸ ಕುರುಡು ಜಾಗ ಹುಟ್ಟುತ್ತದೆ. ಇಂಥ ಕಾರಿನಲ್ಲಿ ಮೊದಲು ಮೇಲೆ ಹೇಳಿದಂತೆ ಇಟ್ಟು, ಆಮೇಲೆ ಒಳಗನ್ನಡಿಯ ನೋಟದ ಅಂಚು ಸೈಡ್ ಮಿರರ್‌ನಲ್ಲೂ ಕಾಣುವವರೆಗೆ ಕೂದಲೆಳೆಯಷ್ಟು ಒಳಕ್ಕೆ ತರಬೇಕು. ಕನ್ನಡಿ 1 ಡಿಗ್ರಿ ತಿರುಗಿದರೆ ನೋಟ 2 ಡಿಗ್ರಿ ಸರಿಯುತ್ತದೆ, ಆದ್ದರಿಂದ ಮೆಲ್ಲಗೆ.

ಎರಡನೆಯದು ಕನ್ನಡಿಯ ಗಾತ್ರ, ಇದೇ ನಿಜವಾದ ಕೊರತೆ. ಕಣ್ಣಿನಿಂದ 65 ಸೆಂ.ಮೀ. ದೂರದಲ್ಲಿರುವ 15 ಸೆಂ.ಮೀ. ಅಗಲದ ಚಪ್ಪಟೆ ಕನ್ನಡಿ ಒಂದು ಕಣ್ಣಿಗೆ ತೋರಿಸುವ ಹರವು ಸುಮಾರು 12 ಡಿಗ್ರಿ. ಹಳೆಯ ಕಾರುಗಳ 10 ಸೆಂ.ಮೀ. ದುಂಡು ಕನ್ನಡಿಯಲ್ಲಿ ಅದು 8 ಡಿಗ್ರಿಗೆ ಇಳಿಯುತ್ತದೆ, ಅಂದರೆ 10 ಮೀಟರ್ ಹಿಂದೆ ಒಂದೂವರೆ ಮೀಟರ್ ಅಗಲವೂ ಇಲ್ಲ. ಎಷ್ಟೇ ಚೆನ್ನಾಗಿ ತಿರುಗಿಸಿದರೂ ಇಷ್ಟು ಸಣ್ಣ ಕಿಂಡಿಯಲ್ಲಿ ಒಂದು ಪೂರ್ತಿ ಲೇನ್ ಹಿಡಿಸುವುದಿಲ್ಲ.

ಬಾಗುಗಾಜು ಈ ಕೊರತೆಯನ್ನು ನೇರವಾಗಿ ತುಂಬುತ್ತದೆ. ಅದೇ 15 ಸೆಂ.ಮೀ. ಗಾಜು 1200 ಮಿ.ಮೀ. ತ್ರಿಜ್ಯದಲ್ಲಿ ಉಬ್ಬಿದ್ದರೆ ಹರವು 12ರಿಂದ ಸುಮಾರು 26 ಡಿಗ್ರಿಗೆ ಏರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಹಿಂದಿನ ವಾಹನ ಚಪ್ಪಟೆ ಕನ್ನಡಿಯಲ್ಲಿ ಕಾಣುವುದರ ಅರ್ಧದಷ್ಟು ಗಾತ್ರಕ್ಕೆ ಕುಗ್ಗಿ, ಇನ್ನೂ ದೂರವಿದೆ ಎನ್ನಿಸುತ್ತದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 111 ನಿಯಮ ಚಾಲಕನ ಬದಿಗೆ ಚಪ್ಪಟೆ ಗಾಜೇ ಇರಬೇಕೆನ್ನುತ್ತದೆ. ಯುರೋಪಿನಲ್ಲಿ ಬಾಗುಗಾಜಿಗೆ ಅವಕಾಶವಿದೆ. ಹಾಗಾಗಿ ಅಮೆರಿಕಕ್ಕೆಂದು ತಯಾರಾದ ಕಾರಿದ್ದರೆ ಅದೇ ಮಾದರಿಯ ಯುರೋಪಿನ ಗಾಜು ಸಿಗುತ್ತದೆಯೇ ಎಂದು ಮೊದಲು ಹುಡುಕಿ. ಕನ್ನಡಿಯ ಚಿಪ್ಪು (ಹೊರಕವಚ) ಒಂದೇ ಆಗಿದ್ದರೆ ಕತ್ತರಿಸಿ ಅಳತೆಗೆ ತರುವ ಗೋಜಿಲ್ಲ. ವಾಹನ ತಪಾಸಣೆಗೆ ಆ ಗಾಜು ಒಪ್ಪಿತವೇ ಎಂಬುದನ್ನೂ ಕೊಳ್ಳುವ ಮುಂಚೆಯೇ ಖಚಿತಪಡಿಸಿಕೊಳ್ಳಿ.

ಬಾಗುಗಾಜಿನಲ್ಲೂ ಎರಡು ಜಾತಿ. ಒಂದರಲ್ಲಿ ಉಬ್ಬು ಎಲ್ಲ ಕಡೆ ಒಂದೇ ಸಮ. ಇನ್ನೊಂದು ಆಸ್ಫೆರಿಕ್: ಒಳಭಾಗದಲ್ಲಿ ಉಬ್ಬು ಕಡಿಮೆ, ಹೊರಗಿನ ಮೂರನೇ ಒಂದು ಭಾಗದಲ್ಲಿ ಹೆಚ್ಚುತ್ತಾ ಹೋಗುತ್ತದೆ, ನಡುವೆ ಚುಕ್ಕೆಗಳ ಗೆರೆ ಇರುತ್ತದೆ. ದೂರ ಅಂದಾಜಿಸಲು ಒಳಭಾಗ, ಯಾರಾದರೂ ಇದ್ದಾರೋ ಇಲ್ಲವೋ ನೋಡಲು ಹೊರಭಾಗ. ಚಾಲಕನ ಬದಿಗೆ ಆಸ್ಫೆರಿಕ್ ಹಾಕಿಸಿ ಎಂಬುದು ನಮ್ಮ ಖಚಿತ ಸಲಹೆ. ಹೊರಭಾಗದಲ್ಲಿ ಎರಡು ಕಣ್ಣಿಗೂ ಬೇರೆ ಬೇರೆ ಬಾಗಿನ ಬಿಂಬ ಸಿಗುವುದರಿಂದ ಮೊದಮೊದಲು ಕಣ್ಣಿಗೆ ಆಯಾಸವಾಗಬಹುದು. ಆದರೂ ಅಷ್ಟು ದೊಡ್ಡ ಹರವಿಗೆ ಇದು ಸಹಿಸಬಹುದಾದ ತೊಂದರೆ.

ಅಳವಡಿಕೆಯಲ್ಲಿ ತಪ್ಪುವುದು ಹೆಚ್ಚಾಗಿ ಅವಸರದಿಂದ. ಹಳೆಯ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಒತ್ತೊತ್ತಾಗಿ ಅಂಟಿಸಿ, ಒಡೆದರೂ ಚೂರು ಹಾರುವುದಿಲ್ಲ. ಹೇರ್ ಡ್ರೈಯರ್‌ನಿಂದ ಕಾಯಿಸಿ, ಹಿಂದಿನ ಅಂಟನ್ನು ಮೀನಿನ ಗಾಳದ ದಾರದಿಂದ ಗರಗಸದಂತೆ ಎಳೆದು ಬಿಡಿಸಿ. ಉಳಿದ ಫೋಮನ್ನು ಕೆರೆದು ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಎರಡೂ ಬದಿ ಅಂಟಿರುವ ಫೋಮ್ ಟೇಪ್ ಹಾಕಿ ಹೊಸ ಗಾಜನ್ನು 30 ಸೆಕೆಂಡು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ವಿಎಚ್‌ಬಿ ಬಗೆಯ ಗಟ್ಟಿ ಅಂಟಿನ ಟೇಪ್ ಕೋಣೆಯ ಉಷ್ಣತೆಯಲ್ಲಿ ಪೂರ್ತಿ ಬಿಗಿಯಾಗಲು 72 ಗಂಟೆ ಬೇಕು. ಚಳಿಯಲ್ಲಿ ಹಚ್ಚಿದರೆ ಹಿಡಿಯುವುದೇ ಕಷ್ಟ. ಅಲ್ಲಿಯವರೆಗೆ ಕಾರು ತೊಳೆಯಬೇಡಿ, ಹೆದ್ದಾರಿಗೆ ಇಳಿಸಲೂ ಬೇಡಿ.

ಹಳೆಯ ಗಾಜನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಅಂಟಿಸುವ ಆಸೆ ಸಹಜ. ಆದರೆ 15 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರ, 2 ಮಿ.ಮೀ. ದಪ್ಪದ ಗಾಜು 75 ಗ್ರಾಂ ತೂಗುತ್ತದೆ, 3 ಮಿ.ಮೀ. ಆದರೆ 110 ಗ್ರಾಂ ದಾಟುತ್ತದೆ. ದಶಕಗಳಷ್ಟು ಹಳೆಯ ಗುಂಡು-ಸ್ಪ್ರಿಂಗ್ ಕೀಲಿಗೆ ಇದು ಹೊರೆ. ಕನ್ನಡಿ ಮೆಲ್ಲಗೆ ಕೆಳಗೆ ಜೋತುಬೀಳುತ್ತದೆ, ಇಂಜಿನ್ ನಡುಕಕ್ಕೆ ಬಿಂಬ ಕಲಕುತ್ತದೆ. ಮೋಟಾರ್ ಇರುವ ಮಿರರ್‌ನಲ್ಲಿ ದಪ್ಪ ಹೆಚ್ಚಿದ ಗಾಜು ತುದಿಗೆ ವಾಲಿದಾಗ ಚಿಪ್ಪಿನ ಅಂಚಿಗೆ ತಾಗುತ್ತದೆ. ಹಿಂದೆ ಹೀಟರ್ ಇದ್ದರೆ ಎರಡು ಗಾಜಿನ ನಡುವಿನ ಟೇಪ್ ಮತ್ತು ಗಾಳಿಯಿಂದಾಗಿ ಮಂಜು ಬಿಡಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೇಗೂ ಚಿಪ್ಪು ಬಿಚ್ಚಿದ್ದೀರಿ, ಸಡಿಲವಾದ ಸ್ಪ್ರಿಂಗನ್ನೂ ಆಗಲೇ ಬದಲಿಸಿ.

ಇನ್ನು ಎಲ್ಲರ ಕಣ್ಣಿಗೂ ಮೊದಲು ಬೀಳುವ, ಎಲ್ಲಕ್ಕಿಂತ ಅಗ್ಗವಾದ, 50 ಮಿ.ಮೀ. ದುಂಡು ಉಬ್ಬುಗನ್ನಡಿ. 10 ಸೆಂ.ಮೀ. ದುಂಡು ಮಿರರ್ ಮೇಲೆ ಇದನ್ನು ಅಂಟಿಸಿದರೆ ನೋಡುವ ಜಾಗದಲ್ಲಿ ಸರಿಯಾಗಿ ಕಾಲು ಭಾಗ ಹೋಯಿತು. ಹಳೆಯ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಇದೇ ದೊಡ್ಡ ನಷ್ಟ. 250 ಮಿ.ಮೀ. ತ್ರಿಜ್ಯದ ಉಬ್ಬೆಂದುಕೊಂಡರೆ ಹರವು 27 ಡಿಗ್ರಿ ಹತ್ತಿರ ಬರುತ್ತದೆ ನಿಜ, ಆದರೆ ಬಿಂಬ ಆರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಪಕ್ಕದಲ್ಲಿ ಏನೋ ಇದೆ ಎನ್ನುವುದಷ್ಟೇ ತಿಳಿಯುತ್ತದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂಬುದು ತಿಳಿಯುವುದಿಲ್ಲ. ಆಚೆ ಬದಿಯ ಮಿರರ್ ಕಣ್ಣಿನಿಂದ 120 ಸೆಂ.ಮೀ. ದೂರವಿದ್ದರೆ ಅದೇ ಬಿಂಬ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು, ಬೈಕೊಂದು ಬರೀ ಚುಕ್ಕೆ. ಆ ಬದಿಗೆ ಇದನ್ನು ಕೊಳ್ಳಲೇಬೇಡಿ. ಚಾಲಕನ ಬದಿಯ ಮಿರರ್ ಆಯತಾಕಾರವಾಗಿ ದೊಡ್ಡದಿದ್ದರೆ, ಫ್ರೇಮ್ ಇಲ್ಲದ, ಕೋನ ತಿರುಗಿಸಬಹುದಾದ ಚಿಕ್ಕ ಮಾದರಿಯನ್ನು ಹೊರಗಿನ ಮೇಲ್ಮೂಲೆಗೆ ಅಂಟಿಸಿ. ಕೆಳಮೂಲೆಯಲ್ಲಿ ಅದರ ಪಾಲಿಗೆ ನೀರಿನ ಹನಿ, ಕೆಸರೇ ಜಾಸ್ತಿ.

ಒಳಗನ್ನಡಿಗೆ ಸಿಕ್ಕಿಸುವ 270 ಅಥವಾ 300 ಮಿ.ಮೀ. ಅಗಲದ ಕನ್ನಡಿಯ ಫಲ ಕಾರಿನ ಮೈಕಟ್ಟನ್ನು ನೆಚ್ಚಿದೆ. ಪೋರ್ಷ 944ರಂತೆ ಹಿಂದೆ ದೊಡ್ಡ ಗಾಜಿನ ಹ್ಯಾಚ್ (ಮೇಲಕ್ಕೆತ್ತುವ ಹಿಂಬಾಗಿಲು) ಇದ್ದರೆ, ಅಥವಾ ಟಾಪ್ ತೆರೆದೇ ಓಡಿಸುವ ಕಾರಾದರೆ ಇದು ಒಳ್ಳೆಯ ಖರೀದಿ. ಹಿಂದಿನ ಕಂಬ ದಪ್ಪಗಿರುವ ಕೂಪೆಯಲ್ಲಿ ಅದು ಹೆಚ್ಚಾಗಿ ತೋರಿಸುವುದು ಛಾವಣಿಯ ಒಳಬಟ್ಟೆಯನ್ನು. ಕೊಳ್ಳುವ ಮುನ್ನ ಅದೇ ಅಗಲದ ರಟ್ಟು ಕತ್ತರಿಸಿ ಹಿಡಿದು, ಸನ್ ವೈಸರ್ ಕೆಳಗಿಳಿಸಿ ನೋಡಿ. ತಗ್ಗಿನ ಛಾವಣಿಯ ಕಾರಿನಲ್ಲಿ ಎರಡೂ ಡಿಕ್ಕಿ ಹೊಡೆಯುವುದೇ ಸಾಮಾನ್ಯ. ಮೇಲೆ ಸಿಕ್ಕಿಸಿದ ಕನ್ನಡಿ ಮೂಲ ಕನ್ನಡಿಯ ಹಗಲು-ರಾತ್ರಿ ಮಡಚು ಸೌಲಭ್ಯವನ್ನೂ ನಿಷ್ಫಲ ಮಾಡುತ್ತದೆ. ತಗ್ಗಿನ ಸೀಟಿನಲ್ಲಿ ಕೂತವರಿಗೆ ಹಿಂದಿನ ಎತ್ತರದ ಗಾಡಿಯ ಹೆಡ್‌ಲೈಟ್ ನೇರ ಕಣ್ಣಿಗೇ ಹೊಡೆಯುವುದರಿಂದ, ರಾತ್ರಿ ಓಡಾಟ ಹೆಚ್ಚಿರುವವರು ನೀಲಿ ಛಾಯೆಯದನ್ನೇ ಆರಿಸಿ.

ರೇಡಾರ್ ಕಿಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಸೆನ್ಸರ್ ಪ್ಲಾಸ್ಟಿಕ್ ಬಂಪರ್ ಹಿಂದೆ ಕೂರಬೇಕು. ಡಾಟ್ಸನ್ 240ಝಡ್‌ನಂಥ ಉಕ್ಕಿನ ಬಂಪರ್ ಕಾರಿನಲ್ಲಿ ಲೋಹ ತರಂಗವನ್ನು ತಡೆಯುತ್ತದೆ, ಸೆನ್ಸರನ್ನು ಹೊರಗೆ ಕೂರಿಸಬೇಕಾಗುತ್ತದೆ. ಸ್ಪೀಡೋಮೀಟರ್ ಕೇಬಲ್ಲಿನದಾದರೆ ವೇಗದ ವಿದ್ಯುತ್ ಸಂಕೇತವೂ ಇರುವುದಿಲ್ಲ, ಜಿಪಿಎಸ್‌ನಿಂದ ವೇಗ ತಿಳಿಯುವ ಕಿಟ್ಟನ್ನೇ ಹುಡುಕಬೇಕು. ಹಳೆಯ ಬಾಡಿಗೆ ರಂಧ್ರ ಕೊರೆದು, ಜೀರ್ಣವಾದ ವೈರಿಂಗ್‌ಗೆ ಹೊಸ ತಂತಿ ಸೇರಿಸುವಷ್ಟು ಲಾಭ ಇದರಲ್ಲಿ ಕಾಣುವುದಿಲ್ಲ. ಎಷ್ಟೋ ಹಳೆಯ ಕಾರುಗಳು ಹೊರಟಿದ್ದೇ ಒಂದು ಸೈಡ್ ಮಿರರ್‌ನೊಂದಿಗೆ. ಅಂಥ ಕಾರಾದರೆ ಈ ಹಣ ಎರಡನೇ ಮಿರರ್‌ಗೆ ಹೋಗಲಿ. ಕೊರೆಯುವ ಮುಂಚೆ ಅದನ್ನು ಟೇಪಿನಿಂದ ಬಾಗಿಲಿಗೆ ಕಟ್ಟಿ, ಚಾಲಕನ ಸೀಟಿನಲ್ಲಿ ಕೂತು, ಕಿಟಕಿಯ ಚೌಕಟ್ಟು ಅಡ್ಡ ಬರದೆ ಪೂರ್ತಿ ಗಾಜು ಕಾಣುತ್ತದೆಯೇ ನೋಡಿಕೊಂಡು ಗುರುತು ಹಾಕಿ.