ಫೋರ್ಕ್ ಬದಲಿಸುವಾಗ ‘ಒಂದಿಂಚು ಎಲ್ಲ ಒಂದೇ’ ಎಂದರೆ ಒಪ್ಪಬೇಡಿ

ಮೈಸೂರಿನಲ್ಲಿ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕ್ ಬದಲಿಸಲು ಹೊರಟವರು, ಈಚೆಗೆ ಬದಲಿಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಗಡಿಯವರು ಅಳತೆ ನೋಡದೆ ಹಾಕಿದ ಫೋರ್ಕಿನಿಂದಾಗಿ ನನ್ನ ಮಗಳು ಬೋಗಾದಿ ರಸ್ತೆಯಲ್ಲಿ ಬಿದ್ದಳು. ಎಡ ಮುಂಗೈ ಮೂಳೆ ಬಿರುಕು ಬಿಟ್ಟಿತು. ಆ ಹೊತ್ತಿಗೆ ಹಿಂದಿನಿಂದ ಯಾವ ಬಸ್ಸೂ ಬರಲಿಲ್ಲ, ಅದೇ ನಮ್ಮ ಪುಣ್ಯ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಕೆಲಸ ಅಲ್ಲೊಂದೇ ಕಡೆ ನಡೆಯುವುದಲ್ಲ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಹೆಸರು ಗೊತ್ತಿದ್ದರೆ ಒಂದು ಅಂಗಡಿಯಿಂದ ತಪ್ಪಿಸಿಕೊಳ್ಳಬಹುದು, ಅಳತೆ ಗೊತ್ತಿದ್ದರೆ ಎಲ್ಲ ಕಡೆಯೂ ಬಚಾವಾಗಬಹುದು.

ಮಗಳು ಕುವೆಂಪುನಗರದಿಂದ ಮಾನಸಗಂಗೋತ್ರಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಾಳೆ. ಮಳೆನೀರು ತುಂಬಿದ್ದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದು ಫೋರ್ಕ್ ಹಿಂದಕ್ಕೆ ಬಾಗಿತ್ತು. ಬಾಗಿದ ಫೋರ್ಕನ್ನು ಬಡಿದು ನೆಟ್ಟಗೆ ಮಾಡಿಸಬಾರದು, ಒಮ್ಮೆ ಮಡಿಸಿಕೊಂಡ ಕೊಳವೆ ಮುಂದೆ ಯಾವಾಗ ಬೇಕಾದರೂ ಸೀಳಬಹುದು ಎಂದು ಓದಿದ್ದೆ. ಹಾಗಾಗಿ ಹೊಸದನ್ನೇ ಹಾಕಿ ಎಂದು ಅಂಗಡಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಸೈಜ್ ಯಾವುದು ಎಂದು ಕೇಳಿದ್ದಕ್ಕೆ ಬಂದ ಉತ್ತರ: “ಇದು ಒಂದಿಂಚಿನದು ಮೇಡಂ, ಒಂದಿಂಚು ಎಲ್ಲ ಒಂದೇ. ಸಂಜೆ ಬಂದು ತೆಗೆದುಕೊಂಡು ಹೋಗಿ.” ಸಂಜೆ ಹೋದಾಗ ಕಪ್ಪು ಬಣ್ಣದ ಹೊಸ ಫೋರ್ಕ್ ಕೂತಿತ್ತು. ಹಳೆಯದು ಅಷ್ಟರಲ್ಲೇ ಗುಜರಿಗೆ ಹೋಗಿತ್ತು.

ಮೊದಲ ವಾರದಲ್ಲೇ ಮಗಳು, “ಅಮ್ಮಾ, ಮುಂದಿನ ಬ್ರೇಕ್ ಹಿಡಿದರೆ ಕೈಗೆ ಕಟಕ್ ಎಂದು ತಾಗುತ್ತದೆ” ಎಂದಳು. ಮತ್ತೆ ಅದೇ ಅಂಗಡಿಗೆ ಒಯ್ದೆವು. ಮೇಲಿನ ನಟ್ ಬಿಗಿ ಮಾಡಿ, “ಹೊಸ ಫೋರ್ಕ್ ಅಲ್ಲವೇ, ಓಡಿಸುತ್ತಾ ಸೆಟ್ ಆಗುತ್ತದೆ” ಎಂದರು. ಹ್ಯಾಂಡಲ್ ಬಿಗಿಯಾಯಿತು, ಸದ್ದು ನಿಂತಿತು. ಕೆಲವೇ ದಿನಗಳಲ್ಲಿ ಸದ್ದು ಹಿಂತಿರುಗಿತು. ಆಮೇಲೆ ಒಂದು ಬೆಳಿಗ್ಗೆ, ಕುಕ್ಕರಹಳ್ಳಿ ಕೆರೆಯ ಹತ್ತಿರ, ಅಡ್ಡ ಬಂದ ಆಟೊ ತಪ್ಪಿಸಲು ಅವಳು ಹ್ಯಾಂಡಲ್ ತಿರುಗಿಸಿದಳು. ಹ್ಯಾಂಡಲ್ ತಿರುಗಿತು, ಚಕ್ರ ನೆಟ್ಟಗೇ ಹೋಯಿತು.

ಸೈಕಲ್ಲನ್ನು ಬೇರೊಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ ಒಯ್ದೆ. ಅವರು ಏನನ್ನೂ ಊಹಿಸಲಿಲ್ಲ. ಸ್ಪ್ಯಾನರ್ ಹಿಡಿದು ಒಂದೊಂದನ್ನೇ ಬಿಚ್ಚಿ, ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನನ್ನನ್ನು ಕರೆದು ತೋರಿಸಿದರು. ಹ್ಯಾಂಡಲ್ಲಿನಿಂದ ಫೋರ್ಕಿನ ಕೊಳವೆಯೊಳಕ್ಕೆ ಇಳಿಯುವ ಸ್ಟೆಮ್ಮಿನ ಕಾಲು ದುಂಡಗಿರಲಿಲ್ಲ. ಸುತ್ತಲೂ ಸಾಣೆ ಚಕ್ರಕ್ಕೆ ಹಿಡಿದ ಚಪ್ಪಟೆ ಗುರುತುಗಳು, ಅವುಗಳ ನಡುವೆ ಅರದ ಗೆರೆಗಳು. ಕೊಳವೆಯ ಒಳಗೋಡೆಗೆ ಅದು ತಾಗಿದ್ದುದು ಎರಡು ಮೂರು ಕಡೆ ಮಾತ್ರ, ಆ ಜಾಗಗಳಷ್ಟೇ ಉಜ್ಜಿ ಹೊಳೆಯುತ್ತಿದ್ದವು. ಫೋರ್ಕಿನ ಬುಡದಲ್ಲಿ ಬೇರಿಂಗ್ ಗುಂಡುಗಳು ಉರುಳುವ ಉಕ್ಕಿನ ಉಂಗುರವಿರುತ್ತದೆ, ಕ್ರೌನ್ ರೇಸ್ ಎನ್ನುತ್ತಾರೆ. ಅದರ ಕೆಳಗಿನಿಂದ ತಂಪು ಪಾನೀಯದ ಡಬ್ಬಿಯ ತಗಡಿನ ಚೂರುಗಳು ಹೊರಬಂದವು. ಒಂದರ ಮೇಲೆ ಇನ್ನೂ ಕೆಂಪು ಬಣ್ಣವಿತ್ತು. ಗ್ರೀಸ್ ಬೂದಿ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಲೋಹದ ಪುಡಿ ಕಿರುಗುಟ್ಟುತ್ತಿತ್ತು.

ಆಮೇಲೆ ಅವರು ಒಳವ್ಯಾಸ, ಹೊರವ್ಯಾಸಗಳನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ತೆಗೆದರು. ಆ ಉಪಕರಣ ಮೊದಲ ಅಂಗಡಿಯಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ.

ಒಂದಿಂಚು ಎಂಬ ಮಾತು ಹೇಳುವುದು ಫೋರ್ಕಿನ ಮೇಲ್ಕೊಳವೆಯ ಹೊರವ್ಯಾಸವನ್ನು ಮಾತ್ರ, ಅಂದರೆ 25.4 ಮಿಲಿಮೀಟರ್. ಅದರ ಮೇಲೆ ಇಂಚಿಗೆ 24 ಸುತ್ತಿನ ಥ್ರೆಡ್ ಇರುತ್ತದೆ. ಹಳೆಯ ಫೋರ್ಕ್ ಅಂಥದ್ದು, ಹೊಸದೂ ಅಂಥದ್ದೇ. ಆದ್ದರಿಂದ ಹಳೆಯ ನಟ್ ಹೊಸ ಫೋರ್ಕಿಗೆ ಬೆಣ್ಣೆಯಂತೆ ಸರಾಗವಾಗಿ ಕೂತಿತು. ಅಪಾಯ ಇರುವುದು ಇಲ್ಲೇ. ನಟ್ ಕೂತಿತೆಂದರೆ ಎಲ್ಲ ಕೂತಿತು ಎಂದು ಕೆಲಸ ಮಾಡಿದವನೂ ನಂಬುತ್ತಾನೆ, ದುಡ್ಡು ಕೊಟ್ಟವರೂ ನಂಬುತ್ತಾರೆ. ಕೊಳವೆಯ ಒಳವ್ಯಾಸ ಬೇರೆಯೇ ಮಾತು. ಮಗಳ ಸೈಕಲ್ಲಿನ ಸ್ಟೆಮ್ 22.2 ಮಿಲಿಮೀಟರಿನದು. ಗೋಡೆ 1.6 ಮಿಲಿಮೀಟರ್ ದಪ್ಪವಿರುವ ಕೊಳವೆಗೆ ಅದು ಸರಿಯಾಗಿ ಇಳಿಯುತ್ತದೆ, ಎರಡು ಬದಿಯ ಗೋಡೆ ಕಳೆದರೆ 25.4ರಲ್ಲಿ ಉಳಿಯುವುದು ಅಷ್ಟೇ. ಅಂಗಡಿಯವರು ತಂದು ಹಾಕಿದ್ದು ಬಿಎಂಎಕ್ಸ್ ಬಗೆಯ, ಅಂದರೆ ಕಸರತ್ತಿನ ಚಿಕ್ಕ ಸೈಕಲ್ಲುಗಳ ಫೋರ್ಕ್. ಅದರ ಕೊಳವೆಯ ಗೋಡೆ ದಪ್ಪ, 21.1 ಮಿಲಿಮೀಟರಿನ ಸ್ಟೆಮ್ಮಿಗಾಗಿ ಮಾಡಿದ್ದು. ಹಳೆಯ ಸ್ಟೆಮ್ ಇಳಿಯಲಿಲ್ಲ, ಇಳಿಯುವವರೆಗೂ ಅರೆದಿದ್ದಾರೆ. ಹ್ಯಾಂಡಲ್ಲಿನ ಮೇಲೆ ಇಡೀ ಮೈಭಾರ ಹಾಕಿ ಹೋಗುವ ಮಗುವಿನ ಸೈಕಲ್ಲಿಗೆ, ಆ ಭಾರ ಹೊರುವ ಸ್ಟೆಮ್ಮಿನ ಕಾಲನ್ನೇ ತೆಳುಮಾಡಿ ಕೊಟ್ಟಿದ್ದಾರೆ! ಸ್ಟೆಮ್ಮನ್ನು ಕೊಳವೆಯೊಳಗೆ ಹಿಡಿದಿಡುವ ಬುಡದ ಬೆಣೆಯನ್ನು ಎಷ್ಟೇ ಬಿಗಿದರೂ ದುಂಡಗಿಲ್ಲದ ಕಾಲನ್ನು ಅದು ಹೇಗೆ ಹಿಡಿದೀತು?

ಇದರ ತಿರುವು ಮುರುವೂ ಅಷ್ಟೇ ಕೆಟ್ಟದ್ದು. 22.2ರ ಕೊಳವೆಗೆ 21.1ರ ಸ್ಟೆಮ್ ಹಾಕಿದರೆ ಸಲೀಸಾಗಿ ಇಳಿಯುತ್ತದೆ, ಬೆಣೆಯ ಬಳಿ ಹಿಡಿದಂತೆಯೂ ಅನ್ನಿಸುತ್ತದೆ. ಆದರೆ ಮೇಲ್ಗಡೆ ಒಂದು ಮಿಲಿಮೀಟರ್ ಆಡುತ್ತಲೇ ಇರುತ್ತದೆ.

ಇನ್ನು ಬುಡದ ಕ್ರೌನ್ ರೇಸ್. ಒಂದಿಂಚಿನ ಫೋರ್ಕುಗಳಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಅಳತೆಗಳಿವೆ: ಜಪಾನಿನ ಜೆಐಎಸ್ ಮಾನಕದ್ದು 27.0 ಮಿಲಿಮೀಟರ್, ಅಂತರರಾಷ್ಟ್ರೀಯ ಐಎಸ್‌ಒ ಮಾನಕದ್ದು 26.4. ಬಿಎಂಎಕ್ಸ್ ಬಗೆಯದ್ದಕ್ಕೂ 26.4 ಇರುತ್ತದೆ. ಉಂಗುರ ಕೂರುವ ಜಾಗ ಉಂಗುರದ ಒಳವ್ಯಾಸಕ್ಕಿಂತ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದೊಡ್ಡದಾಗಿರಬೇಕು. ಹಾಗಿದ್ದಾಗ ಮಾತ್ರ ಅದು ಒತ್ತಿ ಕೂತು ಅಲುಗಾಡದೆ ಇರುತ್ತದೆ. ನಮ್ಮ ಸೈಕಲ್ಲಿನ ಉಂಗುರ 27.0, ಹೊಸ ಫೋರ್ಕಿನ ಜಾಗ 26.4ರ ಉಂಗುರಕ್ಕೆ ಮಾಡಿದ್ದು. ಸುತ್ತ ಉಳಿದ ಸಂದಿಗೆ ಡಬ್ಬಿಯ ತಗಡು ತುರುಕಿ ಸುತ್ತಿಗೆಯಿಂದ ಬಡಿದಿದ್ದಾರೆ. ಬ್ರೇಕ್ ಹಿಡಿದಾಗಲೆಲ್ಲ ಉಂಗುರ ಸರಿದು, ತಗಡು ಹರಿದು, ಪುಡಿ ಬೇರಿಂಗಿಗೆ ಸೇರಿದೆ. ಮಗಳ ಕೈಗೆ ತಾಗುತ್ತಿದ್ದ ಕಟಕ್ ಇದೇ. ಮೇಲಿನ ನಟ್ ಬಿಗಿ ಮಾಡಿದ್ದರಿಂದ ಅದು ಕೆಲ ದಿನ ಅಡಗಿತ್ತು, ಅಷ್ಟೇ.

ಈ ಫೋರ್ಕನ್ನೇ ಸರಿಮಾಡಲು ಆಗುವುದಿಲ್ಲವೇ ಎಂದು ನಾನು ಕೇಳಿದೆ. ಅವರು ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ: “ದೊಡ್ಡದಿದ್ದರೆ ಕತ್ತರಿಸಿ ಚಿಕ್ಕದು ಮಾಡಬಹುದಮ್ಮ, ಚಿಕ್ಕದನ್ನು ದೊಡ್ಡದು ಮಾಡಲಾಗುವುದಿಲ್ಲ.” 27.0ರ ಜಾಗವನ್ನು 26.4ಕ್ಕೆ ಇಳಿಸಲು ಅದಕ್ಕೆಂದೇ ಮಾಡಿದ ಕಟರ್ ಇದೆ. ಕಡಿಮೆ ಇರುವ ಜಾಗಕ್ಕೆ ಲೋಹ ಸೇರಿಸುವ ಉಪಾಯವಿಲ್ಲ. ಕೊನೆಗೆ 27.0ರ ಜಾಗವೂ 22.2ರ ಒಳವ್ಯಾಸವೂ ಇರುವ ಫೋರ್ಕನ್ನು ತರಿಸಿ, ಹೊಸ ಸ್ಟೆಮ್, ಹೊಸ ಬೇರಿಂಗ್ ಹಾಕಿಸಿದೆವು.

ಕೊಳವೆಯ ಉದ್ದವೂ ಮುಖ್ಯ ಎಂದು ಅವರೇ ತೋರಿಸಿಕೊಟ್ಟರು. ಚೌಕಟ್ಟಿನ ಮುಂದಿನ ಗಿಡ್ಡ ಕೊಳವೆಯ ಉದ್ದಕ್ಕೆ ಬೇರಿಂಗ್ ಕೂರುವ ಕಪ್, ಬೇರಿಂಗ್, ನಟ್‌ಗಳ ಒಟ್ಟು ಎತ್ತರ ಸೇರಿಸಿದರೆ ಬೇಕಾದ ಉದ್ದ ಸಿಗುತ್ತದೆ. ಗಿಡ್ಡವಾದರೆ ಎಲ್ಲಕ್ಕಿಂತ ಮೇಲಿನ ನಟ್, ಅಂದರೆ ಲಾಕ್‌ನಟ್, ಒಂದೆರಡು ಸುತ್ತಿನ ಥ್ರೆಡ್‌ ಮೇಲೆ ಮಾತ್ರ ನಿಲ್ಲುತ್ತದೆ. ಉದ್ದವಾದರೆ ಕೊಳವೆಯ ತುದಿ ಲಾಕ್‌ನಟ್ಟಿನ ಅಂಚಿಗೆ ಮೊದಲೇ ತಾಗಿ, ಬಿಗಿಯಾಗಿದೆ ಎಂದು ಕಾಣುತ್ತದೆ, ಕೆಳಗಿನ ನಟ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಸ್ಟೆಮ್ಮಿನ ಬೆಣೆ ಥ್ರೆಡ್ ಇರುವ ಭಾಗದಲ್ಲಿ ನಿಲ್ಲಕೂಡದು. ಥ್ರೆಡ್ ಕೊರೆದಲ್ಲಿ ಗೋಡೆ ತೆಳುವಾಗಿರುತ್ತದೆ, ಬೆಣೆ ಅಲ್ಲಿ ಒತ್ತಿದರೆ ಕೊಳವೆ ಉಬ್ಬಿ ಸೀಳುತ್ತದೆ. ಸ್ಟೆಮ್ಮಿನ ಮೇಲೆ ಕೆತ್ತಿರುವ ಕನಿಷ್ಠ ಆಳದ ಗೆರೆ ಹೊರಗೆ ಕಾಣದಂತೆ ಇಳಿಸಬೇಕೆನ್ನುವುದು ಇದಕ್ಕೇ.

ಅಜ್ಜನ ಕಾಲದ ಇಂಗ್ಲೆಂಡಿನ ರ‍್ಯಾಲಿ ಸೈಕಲ್ಲನ್ನು ಜೋಪಾನ ಮಾಡಿದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಆ ಕಾರ್ಖಾನೆ ಇಂಚಿಗೆ 26 ಸುತ್ತಿನ ಥ್ರೆಡ್ ಬಳಸುತ್ತಿತ್ತು. 24ರ ನಟ್ ಅದರ ಮೇಲೆ ಸ್ವಲ್ಪ ತಿರುಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿದರೆ ಥ್ರೆಡ್ ಕಿತ್ತುಹೋಗುತ್ತದೆ.

ಮಗಳ ವಿಷಯ ಕೇಳಿ ಮಂಡ್ಯದಲ್ಲಿರುವ ನನ್ನ ತಮ್ಮ ತನ್ನ ಸೈಕಲ್ಲನ್ನೂ ನೋಡಿಸಿದ. ಅವನಿಗೆ ಮೋಸವಾದದ್ದು ‘26’ ಎಂಬ ಸಂಖ್ಯೆಯಲ್ಲಿ. ಅವನದು 26 × 1⅜ ಟೈರಿನ ಹಳೆಯ ಮಾದರಿ, ರಿಮ್ಮಿನ ಮೇಲೆ ಟೈರ್ ಕೂರುವಲ್ಲಿ ವ್ಯಾಸ 590 ಮಿಲಿಮೀಟರ್. ಅಂಗಡಿಯಲ್ಲಿ ಕೊಟ್ಟದ್ದು ಮೌಂಟನ್ ಬೈಕಿನ 26ರ ಫೋರ್ಕ್, ಅದು 559ರ ರಿಮ್ಮಿಗೆ ಮಾಡಿದ್ದು. ಒಂದರಲ್ಲಿ ರಿಮ್ ದೊಡ್ಡದು ಟೈರ್ ತೆಳು, ಇನ್ನೊಂದರಲ್ಲಿ ರಿಮ್ ಚಿಕ್ಕದು ಟೈರ್ ದಪ್ಪ. ಹೊರಗಿನ ವ್ಯಾಸ ಎರಡಕ್ಕೂ ಸುಮಾರು 660 ಮಿಲಿಮೀಟರ್. ಹಾಗಾಗಿ ಚಕ್ರ ಫೋರ್ಕಿನೊಳಗೆ ಚೆನ್ನಾಗಿ ಕೂತು ತಿರುಗುತ್ತದೆ. ಆದರೆ ಬ್ರೇಕ್ ಕೂರಿಸುವ ಗೂಟಗಳು 559ರ ರಿಮ್ಮಿಗೆ ಹೊಂದಿಸಿದವು, ಅವನ ರಿಮ್ ಅದಕ್ಕಿಂತ 15.5 ಮಿಲಿಮೀಟರ್ ಮೇಲಿರುತ್ತದೆ. ಬ್ರೇಕ್ ರಬ್ಬರನ್ನು ಎಷ್ಟು ಏರಿಸಿದರೂ ಅದರ ಮೇಲಂಚು ಮಾತ್ರ ರಿಮ್ಮಿಗೆ ತಾಗುತ್ತಿತ್ತು, ಉಳಿದದ್ದು ಕಡ್ಡಿಗಳ ಕಡೆ ಚಾಚಿಕೊಂಡಿತ್ತು. ನಾಲೆ ಏರಿಯ ಮೇಲೆ ದಿನವೂ ಓಡಾಡುವವನು ಅವನು. ತಕ್ಷಣ ತೆಗೆಸಿದ. ಟೈರಿನ ಬದಿಯಲ್ಲಿ ಅಚ್ಚಾಗಿರುವ 37-590, 50-559 ಎಂಬಂಥ ಸಂಖ್ಯೆಯನ್ನು ಬರೆದುಕೊಂಡು ಹೋದರೆ ಈ ಗೊಂದಲವೇ ಇಲ್ಲ.

ಥ್ರೆಡ್ ಇಲ್ಲದ ಹೊಸ ಬಗೆಯ ಫೋರ್ಕ್ ಇರುವವರಿಗೂ ಒಂದು ಮಾತು. ಅಲ್ಲಿ ಕೊಳವೆ ಸಾಮಾನ್ಯವಾಗಿ 28.6 ಮಿಲಿಮೀಟರ್, ಕೆಲವು ಬುಡದಲ್ಲಿ ಒಂದೂವರೆ ಇಂಚಿಗೆ ಅಗಲವಾಗುತ್ತವೆ. ಕತ್ತರಿಸುವ ಮೊದಲು ಸ್ಟೆಮ್, ಎತ್ತರ ಹೊಂದಿಸುವ ಸ್ಪೇಸರ್ ಉಂಗುರ ಎಲ್ಲ ಕೂರಿಸಿ ಗುರುತು ಹಾಕಿಸಿ. ಕೊಳವೆಯ ತುದಿ ಇವುಗಳ ಮೇಲಂಚಿಗಿಂತ 3ರಿಂದ 5 ಮಿಲಿಮೀಟರ್ ಕೆಳಗಿದ್ದರೆ ಸರಿ. ಅದಕ್ಕಿಂತ ಗಿಡ್ಡ ಕತ್ತರಿಸಿದರೆ ಸ್ಟೆಮ್ಮಿನ ಮೇಲಿನ ಬೋಲ್ಟ್ ಕೊಳವೆಯನ್ನು ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ಅಂಗಡಿಗೆ ನಾನು ಆ ಸ್ಟೆಮ್ಮನ್ನೂ ತಗಡಿನ ಚೂರುಗಳನ್ನೂ ಕಾಗದದಲ್ಲಿ ಸುತ್ತಿಕೊಂಡು ಹೋದೆ. ನಮ್ಮ ಅಂಗಡಿಯ ಕೆಲಸವೇ ಅಲ್ಲ ಎಂದರು. ಬಿಲ್ ತೋರಿಸಿದ ಮೇಲೆ ಫೋರ್ಕಿನ ಹಣ ವಾಪಸ್ ಕೊಟ್ಟರು, ಮಗಳ ಕೈಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದೇ ಕಪ್ಪು ಫೋರ್ಕುಗಳು ಅಲ್ಲಿ ಇನ್ನೂ ಸಾಲಾಗಿ ನೇತಾಡುತ್ತಿದ್ದವು. ಅದನ್ನು ಕಂಡ ಮೇಲೆಯೇ ಇದನ್ನು ಬರೆಯಲು ಕೂತದ್ದು.

ಬದಲಿಸಲು ಹೋಗುವವರು ಹಳೆಯ ಫೋರ್ಕನ್ನು ಗುಜರಿಗೆ ಕೊಡಬೇಡಿ. ಹೊಸದರ ಪಕ್ಕದಲ್ಲಿಟ್ಟು ಕೊಳವೆಯ ಒಳವ್ಯಾಸ, ಉಂಗುರ ಕೂರುವ ಜಾಗ, ಉದ್ದ, ಇವನ್ನು ಕ್ಯಾಲಿಪರಿನಲ್ಲಿ ನಿಮ್ಮ ಕಣ್ಣೆದುರೇ ಅಳೆಸಿ. ತಗಡು, ಅರ, ಸಾಣೆ ಚಕ್ರ ಕೈಗೆ ಬಂದರೆ ಕೆಲಸ ಅಲ್ಲೇ ನಿಲ್ಲಿಸಿ.

ಈಗಾಗಲೇ ಬದಲಿಸಿಕೊಂಡವರು ನಾಳೆ ಓಡಿಸುವ ಮೊದಲೇ ನೋಡಿಕೊಳ್ಳಿ. ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಫೋರ್ಕಿನ ಬುಡದ ಬೇರಿಂಗ್ ಕಪ್‌ನ ಸಂದಿಗೆ ಇಟ್ಟು, ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಬೆರಳಿಗೆ ಅಲುಗಾಟ ತಾಗಿದರೆ ಸರಿಯಿಲ್ಲ. ಮುಂಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನಡುವೆ ಸಿಕ್ಕಿದಂತಾದರೆ ಬೇರಿಂಗ್ ಹಾಳಾಗಿದೆ. ಎದುರಿಗೆ ನಿಂತು ಚಕ್ರವನ್ನು ಮೊಣಕಾಲುಗಳ ನಡುವೆ ಅದುಮಿ ಹ್ಯಾಂಡಲ್ ತಿರುಚಿ. ಚಕ್ರ ನಿಂತಲ್ಲೇ ಇದ್ದು ಹ್ಯಾಂಡಲ್ ಮಾತ್ರ ಜರುಗಿದರೆ ಆ ಸೈಕಲ್ಲನ್ನು ಹತ್ತಬೇಡಿ, ತಳ್ಳಿಕೊಂಡೇ ಬೇರೆ ಅಂಗಡಿಗೆ ಹೋಗಿ, ಸ್ಟೆಮ್ ಹೊರಗೆ ತೆಗೆಸಿ ಅದರ ಕಾಲನ್ನು ನೋಡಿ.