ಕ್ಯಾರವಾನ್ ಸ್ಯಾಂಡ್‌ವಿಚ್: ಉಸುಕಿನ ಊರಿನವನು ಆಡಿ ನೋಡಿದ ಮರುಭೂಮಿ ಗೇಮ್

ಮೊದಲೇ ಹೇಳ್ಬಿಡ್ತೀನಿ, ಪ್ರಪಂಚ ಹಾಳಾದ್ಮೇಲಿನ ಕಥೆ ಅಂತ ಕೇಳಿ ಗನ್ ಹಿಡ್ಕೊಂಡು ಜೋಂಬಿ ಹೊಡಿಯೋಕೆ ಬಂದವ್ರು ಇಲ್ಲಿಂದಾನೇ ವಾಪಸ್ ಹೋಗ್ಬೋದು, ಇದ್ರಲ್ಲಿ ಒಂದು ಫೈಟ್ ಕೂಡ ಇಲ್ಲ. ಮೇಲಿಂದ ಬಿದ್ರೆ ಏನೂ ಆಗಲ್ಲ, ಹೆಲ್ತ್ ಬಾರ್ ಇಲ್ಲ, ಗೇಮ್ ಓವರ್ ಅನ್ನೋದೇ ಇಲ್ಲ. ಇರೋದು ಒಂದು ಹಳದಿ ವ್ಯಾನು, ಒಣಗಿ ಹೋದ ಒಂದು ಗ್ರಹ, ಅಲ್ಲಿ ಉಳ್ಕೊಂಡಿರೋ ನಾಲ್ಕು ಜನ, ಅವರ ಮನೆ ಕೆಲಸ ಊರ ಕೆಲಸ. ನಂಗೆ ಸಖತ್ ಇಷ್ಟ ಆಯ್ತು, ಆದ್ರೆ ಒಂದು ದೊಡ್ಡ ತಕರಾರು ಐತೆ, ಅದನ್ನ ಆಮೇಲೆ ಹೇಳ್ತೀನಿ.

ಮಾಡಿರೋದು ಫ್ರಾನ್ಸಿನ ಪ್ಲೇನ್ ಟೋಸ್ಟ್ ಅನ್ನೋ ಚಿಕ್ಕ ಟೀಮು, ಹೊರಗೆ ತಂದಿದ್ದು ಡಿಯರ್ ವಿಲೇಜರ್ಸ್, 2024ರ ಸೆಪ್ಟೆಂಬರ್ 12ಕ್ಕೆ ಪಿಸಿ, ಪಿಎಸ್5, ಸ್ವಿಚ್ ಎಲ್ಲದಕ್ಕೂ ಬಂತು. ಪಕ್ಕಾ ವಿಶುವಲ್ ನಾವೆಲ್, ಅಂದ್ರೆ ಚಿತ್ರ ನೋಡ್ತಾ ಕಥೆ ಓದ್ಕೊಂಡು ಹೋಗೋ ಗೇಮ್, ಅಲ್ಲ, ನೀವೇ ನಡೀಬೇಕು, ಹತ್ಬೇಕು, ವ್ಯಾನ್ ಓಡಿಸ್ಬೇಕು, ಆದ್ರೂ ವಿಶುವಲ್ ನಾವೆಲ್ ಓದೋರಿಗೇ ಇದು ಜಾಸ್ತಿ ಹಿಡಿಸುತ್ತೆ ಅಂತ ನನ್ನ ಲೆಕ್ಕ, ಯಾಕಂದ್ರೆ ಆಟದ ಜೀವ ಇರೋದೆಲ್ಲ ಮಾತುಕತೆಯಲ್ಲೇ, ಜನರ ಹತ್ರ ಹೋಗಿ ನಿಂತು ಏನ್ ಸಮಾಚಾರ ಅಂತ ಕೇಳೋದ್ರಲ್ಲೇ.

ಕಥೆ ಹಿಂಗೈತೆ. ಸೋಜ್ ಅನ್ನೋ ಹುಡುಗಿ ಊರು ಬಿಟ್ಟು ಬೇರೆ ಕಡೆ, ಅಂದ್ರೆ ಬಾಹ್ಯಾಕಾಶದಲ್ಲೇ, ಸೆಟ್ಲ್ ಆಗಿರ್ತಾಳೆ. ಅವಳ ಅಕ್ಕ ಗರಾನ್ಸ್ ಎಷ್ಟೋ ವರ್ಷದ ಹಿಂದೆ ಕಾಣೆಯಾಗಿ, ಸತ್ತೇ ಹೋದ್ಳು ಅಂತ ಎಲ್ರೂ ಬಿಟ್ಟಿರ್ತಾರೆ. ಒಂದಿನ ಅಕ್ಕನ ನೌಕೆಯಿಂದ ಕಾಪಾಡಿ ಅಂತ ಸಿಗ್ನಲ್ ಬರ್ತೈತೆ, ಅದೂ ಹುಟ್ಟೂರಾದ ಸಿಗಾಲೊ ಗ್ರಹದಿಂದಾನೇ. ಸೋಜ್ ವಾಪಸ್ ಬರ್ತಾಳೆ, ಊರಲ್ಲಿ ಹಳೇ ವ್ಯಾನ್ ಕೊಡ್ತಾರೆ, ಹುಡುಕೋಕೆ ಶುರು. ಮಧ್ಯದಲ್ಲಿ ಮುಸುಕು ಹಾಕ್ಕೊಂಡ ಒಬ್ಬ ಮಾಟಗಾತಿ ಅವಾಗವಾಗ ಕಾಣಿಸಿ ಮಾಯ ಆಗ್ತಾಳೆ. ಇದಕ್ಕಿಂತ ಜಾಸ್ತಿ ಹೇಳಿದ್ರೆ ಆಡೋರಿಗೆ ಅನ್ಯಾಯ.

ಆದ್ರೆ ನಂಗೆ ಅಕ್ಕನ ಗುಟ್ಟಿಗಿಂತ ಹಿಡಿದು ಕೂರಿಸಿದ್ದು ಎಸ್ಟೆಲ್ಲೊ ಅನ್ನೋ ಆ ಊರು. ಸಿಗಾಲೊದಲ್ಲಿ ಮುಂಚೆ ಕನ್ಸೋರ್ಷಿಯಂ ಅನ್ನೋ ದೊಡ್ಡ ಕಂಪನಿ ಇತ್ತು, ನೆಲದಲ್ಲಿ ಇದ್ದಿದ್ದನ್ನೆಲ್ಲ ಬಗೆದು ತಗೊಂಡು, ವಾತಾವರಣ ಕೆಡಿಸಿ, ಒಂದಿನ ಗಂಟು ಕಟ್ಕೊಂಡು ಹೋಗ್ಬಿಡ್ತು. ಅವರ ಫ್ಯಾಕ್ಟರಿ, ಟವರು, ಪೈಪು ಎಲ್ಲ ತುಕ್ಕು ಹಿಡ್ಕೊಂಡು ಹಂಗೇ ನಿಂತವೆ, ಒಂದು ಬಿರುಗಾಳಿ ನಿಲ್ಲದೇ ಸುತ್ತುತ್ತಾ ಇರ್ತೈತೆ. ಉಳಿದೋರು ಅದೇ ಹಾಳು ಬಿದ್ದ ಕಟ್ಟಡದಲ್ಲಿ ಬಿಡಿಭಾಗ ಕಿತ್ಕೊಂಡು ಬಂದು ತಮ್ಮ ಸಂಸಾರ ನಡೆಸ್ತಾರೆ. ಮನುಷ್ಯರ ಜೊತೆ ರೋಬೋಟ್‌ಗಳು ಇದಾವೆ, ಕಪ್ಪೆ ತರ ಇರೋ ರೈನೆಟೊ ಅನ್ನೋ ಮೂಲನಿವಾಸಿಗಳು ಇದಾರೆ, ಇವರು ತಲೆ ಮೇಲೆ ಕೈ ಹೊತ್ತು ಕೂತಿಲ್ಲ, ಅವರವರ ಕೆಲಸ ಅವರವರ ಜಗಳ ನಡೀತಾನೇ ಇರ್ತೈತೆ.

ಇದನ್ನ ಆಡ್ತಾ ನಂಗೆ ಡಿ. ಹಿರೇಹಾಳ್ ಕಡೆ ಗುಡ್ಡಗಳೇ ಕಣ್ಮುಂದೆ ಬರ್ತಿದ್ವು. ನಮ್ದು ರಾಯದುರ್ಗದ ಕಡೆ, ಬಳ್ಳಾರಿ ಗಡಿಗೆ ಅಂಟ್ಕೊಂಡಿರೋ ಆಂಧ್ರ. ಚೀನಾದವ್ರು ಅದಿರು ಕೊಳ್ತಿದ್ದ ಕಾಲದಲ್ಲಿ ನಮ್ ರೋಡಲ್ಲಿ ಹಗಲು ರಾತ್ರಿ ಲಾರಿ, ಗಿಡದ ಎಲೆ ಮನೆ ಗೋಡೆ ಎಲ್ಲ ಕೆಂಪು, ಸಾಲ ಮಾಡಿ ಲಾರಿ ತಗೊಂಡೋರು ಎಷ್ಟೋ ಜನ, ರೋಡ್ ಪಕ್ಕ ಧಾಬಾ, ಪಂಕ್ಚರ್ ಶಾಪು, ಒಂದು ಜಾತ್ರೆನೇ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆ ಗಣಿಗಾರಿಕೆ ನಿಲ್ಸಿದ್ದೇ ತಡ ಎಲ್ಲ ಗಪ್‌ಚುಪ್. ಗುಡ್ಡ ಅರ್ಧ ಕಡಿದಿದ್ದು ಹಂಗೇ ಉಳೀತು, ಲಾರಿಗಳನ್ನ ಫೈನಾನ್ಸ್‌ನೋರು ಎಳ್ಕೊಂಡು ಹೋದ್ರು, ಮೆಕಾನಿಕ್ ಹುಡುಗ್ರು ಜೀನ್ಸ್ ಹೊಲಿಯೋ ಕೆಲಸಕ್ಕೆ ಸೇರ್ಕೊಂಡ್ರು. ಅದಕ್ಕೇ ಈ ಗೇಮಲ್ಲಿ ಕಂಪನಿ ಹೋದ್ಮೇಲೆ ಊರು ಹೆಂಗಿರ್ತೈತೆ ಅನ್ನೋದನ್ನ ತೋರಿಸಿರೋ ರೀತಿ ನಂಗೆ ಸುಳ್ಳು ಅನ್ನಿಸ್ಲಿಲ್ಲ. ಕಂಪನಿನ ಬೈಯೋರೂ ಇದಾರೆ, ಅದ್ರ ಮಷೀನ್ ಪಾರ್ಟ್ ಇಲ್ದೇ ಬದುಕೋಕೂ ಆಗಲ್ಲ, ಎರಡೂ ಒಟ್ಟಿಗೇ. ಇಂಥದ್ದನ್ನ ಬರಿಯೋಕೆ ಬುದ್ಧಿ ಬೇಕು ಗುರು, ಸುಮ್ನೆ ಕೆಟ್ಟ ಕಂಪನಿ ಒಳ್ಳೆ ಹಳ್ಳಿ ಅಂತ ಗೆರೆ ಎಳೆದು ಕೈ ತೊಳ್ಕೊಂಡಿಲ್ಲ.

ಆಟ ಅಂತ ನೋಡಿದ್ರೆ ಸಿಂಪಲ್ಲು. ಹಳೇ ಕಟ್ಟಡಗಳಲ್ಲಿ ಹತ್ತಿ ಇಳಿದು ಸಾಮಾನು ಆರಿಸ್ಕೊಂಡು ಬರಬೇಕು, ಸಾಕಷ್ಟು ಸೇರಿದ್ಮೇಲೆ ವ್ಯಾನಿಗೆ ಹೊಸ ಸಾಧನ ಕೂರಿಸ್ತಾರೆ, ಗೋಡೆ ಆಚೆ ಏನೈತೆ ಅಂತ ತೋರಿಸೋ ಸ್ಕ್ಯಾನರು, ಬಾಗಿಲು ಎಳೆದು ಕೀಳೋ ಹುಕ್ಕು, ಹಗ್ಗದ ಮೇಲೆ ಜಾರ್ಕೊಂಡು ಹೋಗೋ ಜಿಪ್‌ಲೈನು. ಒಂದೊಂದು ಬಂದಂಗೂ ಮೊದಲು ಹೋಗೋಕಾಗದೇ ಬಿಟ್ಟ ಜಾಗಕ್ಕೆ ಮತ್ತೆ ಹೋಗ್ಬೋದು. ಕಂಪನಿಯವ್ರು ಬಿಟ್ಟೋದ, ಸಿಗ್ನಲ್ ತಡೆಯೋ ಜ್ಯಾಮರ್‌ಗಳನ್ನ ಹುಡುಕಿ ಆಫ್ ಮಾಡೋದು ಇನ್ನೊಂದು ಕೆಲಸ. ಸಾಮಾನು ಆರಿಸೋದು ಅರ್ಧ ದಾರಿ ದಾಟಿದ್ಮೇಲೆ ಬೋರ್ ಹೊಡೀತು, ನಿಜ ಹೇಳ್ಬೇಕಲ್ವಾ, ಹತ್ತು ಕಟ್ಟಡ ನೋಡಿದ್ರೆ ಹನ್ನೊಂದನೇದ್ರಲ್ಲಿ ಏನಿರ್ತೈತೆ ಅಂತ ಗೊತ್ತಾಗ್ಬಿಡುತ್ತೆ. ಆದ್ರೆ ಊರೋರು ಹೇಳೋ ಸಣ್ಣ ಸಣ್ಣ ಕೆಲಸ ಬಿಡ್ಬೇಡ್ರಿ, ಮೇನ್ ಕಥೆ ಹಿಂದೆ ಓಡಿದ್ರೆ ಬೇಗ ಮುಗಿದು ಇಷ್ಟೇನಾ ಅನ್ಸುತ್ತೆ, ಎಲ್ಲ ಸೇರಿ ಹತ್ತು ಗಂಟೆ ಆಸುಪಾಸಿನ ಆಟ ಇದು.

ಈಗ ಆ ತಕರಾರು. ಇದು ಮರುಭೂಮಿ ಗೇಮು ಅಂತಾರೆ, ಆದ್ರೆ ಇಲ್ಲಿನ ಉಸುಕು ಇದ್ದ ಜಾಗದಲ್ಲೇ ಇರ್ತೈತೆ! ನಮ್ ಕಣೇಕಲ್, ಬೊಮ್ಮನಹಾಳ್ ಕಡೆ ಬಂದು ನೋಡ್ಬೇಕು ಇವ್ರು. ಹಗರಿ ಹೊಳೆ ಬತ್ತಿ ಅದರ ಉಸುಕು ಆಷಾಢದ ಗಾಳಿಗೆ ಎದ್ದು ಹೊಲಕ್ಕೆ ಬರ್ತೈತೆ, ದಿಬ್ಬ ದಿಬ್ಬ ಆಗ್ತೈತೆ, ಬೇಲಿ ಹಾಕಿದ್ರೆ ಬೇಲಿನೇ ಮುಚ್ಚುತ್ತೆ, ಹೋದ ವರ್ಷ ಶೇಂಗಾ ಹಾಕಿದ ಹೊಲದಲ್ಲಿ ಈ ವರ್ಷ ಗುಡ್ಡ. ಗಾಳಿ ಜೋರಾದ ದಿನ ಊಟದಲ್ಲಿ ಉಸುಕು, ಹಾಸಿಗೇಲಿ ಉಸುಕು, ಬೈಕಿನ ಚೈನಲ್ಲಂತೂ ಕೇಳ್ಬೇಡ್ರಿ. ಸೋಜ್ ವ್ಯಾನು ಮಾತ್ರ ಇಡೀ ಗೇಮಲ್ಲಿ ಒಂದ್ಸಲಾನೂ ಹೂತು ಹೋಗಲ್ಲ, ಏರ್ ಫಿಲ್ಟರ್ ಕಟ್ಟಲ್ಲ, ಡೀಸೆಲ್ ಕೇಳಲ್ಲ. ಅವಳಿಗೆ ಬಾಯಾರಿಕೆನೂ ಆಗಲ್ಲ. ಹಸಿವು ಬಾಯಾರಿಕೆ ಲೆಕ್ಕ ಇಡೋ ಸರ್ವೈವಲ್ ಮೀಟರ್ ಹಾಕ್ರಿ ಅಂತ ನಾನು ಕೇಳ್ತಿಲ್ಲ, ಅದು ಬಂದ್ರೆ ಆಟದ ಸಮಾಧಾನ ಹಾಳಾಗುತ್ತೆ, ಗೊತ್ತು. ಆದ್ರೆ ನೀರಿನ ಮಾತಿಲ್ಲದ ಒಣ ಊರು ಎಲ್ಲೈತೆ ಹೇಳ್ರಿ? ನಮ್ಮಲ್ಲಿ ದಿಬ್ಬದ ಆ ಕಡೆ ಉಸುಕು ಈ ಕಡೆ ತುಂಗಭದ್ರಾ ಎಚ್‌ಎಲ್‌ಸಿ ಕಾಲುವೆ, ಭತ್ತದ ಗದ್ದೆ, ಕಾಲುವೆಗೆ ನೀರು ಯಾವಾಗ ಬಿಡ್ತಾರೆ, ಕೊನೇ ಹೊಲಕ್ಕೆ ಮುಟ್ಟುತ್ತಾ ಇಲ್ವಾ, ಯಾರು ರಾತ್ರಿ ಬಂದು ತಿರುಗಿಸ್ಕೊಂಡ್ರು, ಟೀ ಅಂಗಡೀಲಿ ಇದನ್ನ ಬಿಟ್ಟು ಬೇರೆ ಮಾತೇ ಇರಲ್ಲ. ಇಷ್ಟು ಚೆನ್ನಾಗಿ ಜನರನ್ನ ಬರೆದೋರು ಆ ಜಗಳಾನೂ ಎರಡು ಸಂಭಾಷಣೆಯಲ್ಲಿ ಇಡ್ಬೋದಿತ್ತು. ಇವ್ರು ನೋಡ್ಕೊಂಡಿದ್ದು ದಕ್ಷಿಣ ಫ್ರಾನ್ಸಿನ ಪ್ರೋವೆನ್ಸ್ ಅಂತೆ, ಅಲ್ಲಿ ಬಿಸಿಲೈತೆ, ಬಣ್ಣ ಐತೆ, ಆ ಬೆಳಕು ಮಾತ್ರ ಅದ್ಭುತವಾಗಿ ಬಂದೈತೆ, ಸಂಜೆ ಹೊತ್ತು ವ್ಯಾನ್ ನಿಲ್ಲಿಸಿ ಸುಮ್ನೆ ನೋಡ್ತಾ ಕೂತಿದ್ದೂ ಉಂಟು. ಆದ್ರೆ ಅದು ಟೂರಿಸ್ಟ್ ಬಂದು ಫೋಟೋ ತೆಗೆಯೋ ಬಿಸಿಲು, ನಮ್ ಕಡೆ ಚರ್ಮ ಸುಡೋ ಬಿಸಿಲಲ್ಲ.

ಭಾಷೆ ವಿಷ್ಯ. ಕನ್ನಡ ಇಲ್ಲ, ತೆಲುಗೂ ಇಲ್ಲ, ನಿರೀಕ್ಷೆನೂ ಇರ್ಲಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಕಿತ್ತು ಆಂಧ್ರಕ್ಕೆ ಹಾಕಿದ ತಾಲೂಕಿನೋರು ನಾವು, ಮನೇಲಿ ಕನ್ನಡ, ಬಸ್ ಬೋರ್ಡು ತೆಲುಗು, ಅರ್ಜಿ ಫಾರಂ ಇಂಗ್ಲಿಷು, ಗೇಮ್ ಇಂಗ್ಲಿಷಲ್ಲಿ ಓದೋಕೆ ಏನ್ ಕಷ್ಟ. ಇಂಗ್ಲಿಷ್ ಸರಳವಾಗೇ ಐತೆ, ಪಿಯುಸಿ ಓದೋ ನನ್ನ ತಂಗಿ ಆರಾಮಾಗಿ ಆಡಿದ್ಳು. ಅವಳಿಗೆ ರೈನೆಟೊಗಳು ಇಷ್ಟ, ನಂಗೆ ರೋಬೋಟ್‌ಗಳು. ಅಣ್ಣಾ ಇದ್ರಲ್ಲಿ ವಿಲನ್ ಯಾವಾಗ ಬರ್ತಾನೆ ಅಂತ ಕೇಳ್ತಾನೇ ಇದ್ಳು ಪಾಪ.

ನಂದು ಹಳೇ ಲ್ಯಾಪ್‌ಟಾಪು, ಸೆಟ್ಟಿಂಗ್ ಎಲ್ಲ ಲೋ ಇಟ್ಟು ಆಡ್ದೆ, ದೂರದ ಬೆಟ್ಟ ಬರೋ ಹೊತ್ತಿಗೆ ಸ್ವಲ್ಪ ಜರ್ಕ್ ಹೊಡೀತಿತ್ತು, ಫ್ಯಾನ್ ಸದ್ದಿಗೆ ಮ್ಯೂಸಿಕ್ಕೇ ಕೇಳ್ತಿರ್ಲಿಲ್ಲ, ಹೆಡ್‌ಫೋನ್ ಹಾಕ್ಕೊಂಡ್ರೆ ಸರಿ. ಫುಲ್ ರೇಟ್ ಕೊಟ್ಟು ತಗೊಳ್ಬೇಕಾ ಅಂದ್ರೆ, ಇಂಥ ನಿಧಾನದ ಕಥೆ ಇಷ್ಟ ಅಂತ ಈಗಾಗ್ಲೇ ಗೊತ್ತಿರೋರು ತಗೊಳ್ರಿ, ಉಳಿದೋರು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಸೇಲ್ ಬರೋ ತನಕ ಕಾಯ್ರಿ. ಮತ್ತೆ ಒಂದು ಕಂಟ್ರೋಲರ್ ಯಾರ ಹತ್ರಾನಾದ್ರೂ ಇಸ್ಕೊಳ್ರಿ, ಕೀಬೋರ್ಡಲ್ಲಿ ಆ ವ್ಯಾನ್ ಓಡಿಸೋಕೆ ಹೋದ್ರೆ ಎಸ್ಟೆಲ್ಲೊದ ಒಂದು ಗೋಡೆನೂ ಬಿಡಲ್ಲ ನೀವು, ಎಲ್ಲದಕ್ಕೂ ಗುದ್ದೇ ಗುದ್ತೀರಿ.